ಜಾಯಿನ್ ಅಂದರೆ ಸೇರುವುದಾ, ಸೇರಿಸುವುದಾ, ಕೂಡುವುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರಲ್ಲಿ ಅಂಗಡಿಯವರಿದ್ದಾರೆ, ನರ್ಸ್‌ಗಳಿದ್ದಾರೆ, ಈಗಷ್ಟೇ ಡಿಗ್ರಿ ಮುಗಿಸಿದವರಿದ್ದಾರೆ. ದೊಡ್ಡ ದೊಡ್ಡ ಪದಗಳನ್ನು ಅವರು ಡಿಕ್ಷನರಿ ನೋಡಿ ಕಲಿಯುತ್ತಾರೆ. ಎಡವುವುದು ಚಿಕ್ಕ ಪದಗಳಲ್ಲಿ. ಅಂಥವುಗಳಲ್ಲಿ 'ಜಾಯಿನ್' ಮೊದಲನೆಯದು. ತರಗತಿಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಈ ಪದದ ಬಗ್ಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ್ದಕ್ಕೆ ನೇರ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಜಾಯಿನ್ ಅಂದ್ರೆ ಸೇರು ಅಂತ ತಾನೆ ಸಾರ್? ಇದರಲ್ಲಿ ಕೇಳೋಕೆ ಏನಿದೆ?

ಸೇರು ಅಂತಲೂ ಹೌದು. ಕೂಡು, ಸೇರಿಸು, ಜೋಡಿಸು ಅಂತಲೂ ಹೌದು. ಕನ್ನಡ ಇಷ್ಟು ಪದಗಳಲ್ಲಿ ಬೇರೆ ಮಾಡಿ ಹೇಳುವುದನ್ನು ಇಂಗ್ಲಿಷ್ ಒಂದೇ ಪದದಲ್ಲಿ ಹೇಳಿಬಿಡುತ್ತದೆ. ಕಷ್ಟ ಇರುವುದು ಅಲ್ಲೇ.

ನಮ್ಮ ನದಿಗಳನ್ನೇ ನೋಡಿ. ಶಿವಮೊಗ್ಗದ ಹತ್ತಿರ ತುಂಗೆ ಒಂದು ಕಡೆಯಿಂದ, ಭದ್ರೆ ಒಂದು ಕಡೆಯಿಂದ ಬಂದು ಕೂಡುತ್ತವೆ. ಆ ಊರಿಗೆ ಹೆಸರೇ ಕೂಡ್ಲಿ. ಮುಂದೆ ಹರಿಯುವ ನದಿ ತುಂಗಭದ್ರೆ. ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡುತ್ತವೆ. ಈಗ ಅದೇ ಮಲಪ್ರಭೆಯನ್ನು ಹುಟ್ಟಿದ ಕಣಕುಂಬಿಯಿಂದ ಹಿಡಿದು ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಬನ್ನಿ. ಕೊನೆಗೆ ಏನು ಹೇಳುತ್ತೀರಿ? 'ಮಲಪ್ರಭೆ ಕೃಷ್ಣೆಗೆ ಸೇರುತ್ತದೆ' ಅಂತೀರಿ. ಜಾಗ ಅದೇ, ನೀರು ಅದೇ. ಸಂಗಮದ ದಡದಲ್ಲಿ ನಿಂತು ನೋಡಿದರೆ ಎರಡು ನದಿ ಕೂಡುತ್ತವೆ. ಒಂದು ನದಿಯ ಜೊತೆ ನಡೆದು ಬಂದರೆ ಅದು ಇನ್ನೊಂದಕ್ಕೆ ಸೇರುತ್ತದೆ. ಯಾರೋ ಕಾಲುವೆ ತೋಡಿ ಎರಡು ಕೆರೆಗಳನ್ನು ಒಂದು ಮಾಡಿದರೆ ಆಗ ಅವರು ಜೋಡಿಸಿದರು. ಈ ಮೂರಕ್ಕೂ ಇಂಗ್ಲಿಷ್‌ನಲ್ಲಿ ಜಾಯಿನ್.

ಅದಕ್ಕೇ ನಾನು ಪಾಠದಲ್ಲಿ ಅರ್ಥ ಬರೆಸುವುದಿಲ್ಲ. 'ನೀವು ಎಲ್ಲಿ ನಿಂತು ನೋಡ್ತಾ ಇದೀರಿ?' ಅಂತ ಕೇಳುತ್ತೇನೆ. ಅದು ಗೊತ್ತಾದರೆ ಕನ್ನಡದ ಸರಿಯಾದ ಪದ ತಾನಾಗಿ ಬಾಯಿಗೆ ಬರುತ್ತದೆ.

'ಜಾಯಿನ್ಡ್ ಟು ಕಂಪನಿ' ಸರೀನಾ, 'ಜಾಯಿನ್ಡ್ ಇನ್ ಕಂಪನಿ' ಸರೀನಾ?

ಎರಡೂ ಸರಿಯಲ್ಲ. 'ಐ ಜಾಯಿನ್ಡ್ ದ ಕಂಪನಿ' ಅಷ್ಟೆ. ನಡುವೆ ಏನೂ ಬೇಡ.

ಈ ತಪ್ಪು ನಮಗೆ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಮತ್ತೆ ಆಗುವುದಿಲ್ಲ. ಕನ್ನಡದಲ್ಲಿ 'ಕಂಪನಿಗೆ ಸೇರಿದೆ' ಅಂತೀವಿ. ಆ 'ಗೆ' ಇಂಗ್ಲಿಷ್‌ಗೆ ಹೋಗುವಾಗ 'ಟು' ಆಗುತ್ತದೆ. ಇನ್ನು ಕೆಲವರು 'ಕಂಪನಿಯಲ್ಲಿ ಸೇರಿಕೊಂಡೆ' ಅಂತಾರೆ. ಆ 'ಅಲ್ಲಿ' ಹೋಗಿ 'ಇನ್' ಆಗುತ್ತದೆ. 'ಮ್ಯಾರೀಡ್ ವಿತ್ ಹರ್' ಅಂತ ಬರುವುದೂ ಹೀಗೇ, 'ಅವಳ ಜೊತೆ ಮದುವೆ' ಅನ್ನುವ ನಮ್ಮ ಮಾತಿನಿಂದ. ಇಂಗ್ಲಿಷ್‌ನಲ್ಲಿ ಜಾಯಿನ್ ಅನ್ನುವುದು 'ತಿನ್ನು', 'ನೋಡು' ಇದ್ದ ಹಾಗೆ. ಹಣ್ಣು ತಿಂದೆ, ಹಣ್ಣಿಗೆ ತಿಂದೆ ಅಲ್ಲ. ಹಾಗೆಯೇ ಕಂಪನಿ ಅನ್ನುವುದು ಕ್ರಿಯಾಪದಕ್ಕೆ ನೇರ ಅಂಟಿಕೊಳ್ಳುತ್ತದೆ.

ನನ್ನ ಮೊದಲ ಕೆಲಸದ ಅರ್ಜಿಯಲ್ಲಿ ನಾನೂ 'ಜಾಯಿನ್ ಟು ಯುವರ್ ಆಫೀಸ್' ಅಂತ ಬರೆದಿದ್ದೆ. ಅರ್ಜಿ ತೆಗೆದುಕೊಂಡ ಹಿರಿಯ ಗುಮಾಸ್ತರು ಪೆನ್ಸಿಲಿನಿಂದ ಆ 'ಟು' ಸುತ್ತ ಒಂದು ಸೊನ್ನೆ ಹಾಕಿ, ಏನೂ ಹೇಳದೆ ಕಾಗದ ವಾಪಸ್ ಕೊಟ್ಟರು. ಇನ್ನೊಂದು ಹಾಳೆಯನ್ನೂ ಅವರೇ ಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಮತ್ತೆ ಬರೆದೆ. ಆ ಸೊನ್ನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ವಿದ್ಯಾರ್ಥಿಗಳ ಅರ್ಜಿಯಲ್ಲೂ ನಾನು ಹಾಗೇ ಮಾಡುತ್ತೇನೆ.

ಹಾಗಾದ್ರೆ ಜಾಯಿನ್ ಮುಂದೆ ಇನ್, ಟು, ವಿತ್ ಬರೋದೇ ಇಲ್ವಾ?

ಬರುತ್ತವೆ, ಆದರೆ ಆಗ ಅರ್ಥ ಬೇರೆ.

'ಟು' ಬರುವುದು ಒಂದು ವಸ್ತುವನ್ನು ಇನ್ನೊಂದಕ್ಕೆ ಜೋಡಿಸಿದಾಗ: 'ಜಾಯಿನ್ ದಿಸ್ ಪೈಪ್ ಟು ದಟ್ ಒನ್'. 'ಇನ್' ಬರುವುದು ಆಗಲೇ ನಡೆಯುತ್ತಿರುವ ಕೆಲಸಕ್ಕೆ ಕೈ ಹಚ್ಚಿದಾಗ. ಮಕ್ಕಳು ಹಾಡುತ್ತಿದ್ದಾರೆ, ನೀವೂ ದನಿಗೂಡಿಸಿದಿರಿ, ಆಗ 'ಜಾಯಿನ್ಡ್ ಇನ್ ದ ಸಿಂಗಿಂಗ್'. ಹಾಡಿನ ಗುಂಪಿಗೆ ಸದಸ್ಯರಾದರೆ ಮಾತ್ರ 'ಜಾಯಿನ್ಡ್ ದ ಗ್ರೂಪ್'. 'ವಿತ್' ಬರುವುದು ಇಬ್ಬರೂ ಸಮವಾಗಿ ನಿಂತು ಒಂದು ಕೆಲಸ ಮಾಡುವಾಗ. 'ಅಪ್' ಹಾಕಿ ಸುಮ್ನೆ 'ಹಿ ಜಾಯಿನ್ಡ್ ಅಪ್' ಅಂದರೆ ಬ್ರಿಟಿಷ್ ಮಾತಿನಲ್ಲಿ ಸೈನ್ಯಕ್ಕೆ ಸೇರಿದ ಅಂತ. ಸೈನ್ಯದ ಹೆಸರೇ ಹೇಳಬೇಕಿಲ್ಲ.

'ಆ್ಯಸ್' ಕೂಡ ಬೇಕಾಗುತ್ತದೆ: 'ಜಾಯಿನ್ಡ್ ಆ್ಯಸ್ ಎ ಕ್ಲರ್ಕ್'. ಯಾವ ಹುದ್ದೆಗೆ ಅಂತ ಹೇಳಲು ಇದೇ ಸರಿ. 'ಜಾಯಿನ್ಡ್ ಫಾರ್ ಎಂ.ಎ.' ಅನ್ನುವುದು ನಮ್ಮ ಕಡೆ ತುಂಬಾ ಕೇಳುತ್ತದೆ. ಅದರ ಬದಲು 'ಜಾಯಿನ್ಡ್ ದ ಎಂ.ಎ. ಕೋರ್ಸ್' ಅನ್ನಿ.

ಕನ್ನಡ ಮಾತಾಡುವಾಗ 'ಜಾಯಿನ್ ಆದೆ' ಅನ್ನೋದು ತಪ್ಪಾ?

ನನ್ನ ಮಟ್ಟಿಗೆ ತಪ್ಪಲ್ಲ. ಇದರಲ್ಲಿ ಕನ್ನಡದ ಜಾಣತನವೂ ಕಾಣುತ್ತದೆ.

ಇಂಗ್ಲಿಷ್‌ನಲ್ಲಿ 'ಜಾಯಿನ್ಡ್' ಅಂದರೆ ತಾನು ಹೋಗಿ ಸೇರಿದನೋ, ಏನನ್ನೋ ಹಿಡಿದು ಜೋಡಿಸಿದನೋ ಅನ್ನುವುದು ಪೂರ್ತಿ ವಾಕ್ಯ ಕೇಳಿದ ಮೇಲೆ ಗೊತ್ತಾಗುತ್ತದೆ. ಕನ್ನಡ ಆ ಪದವನ್ನು ಒಳಗೆ ಬಿಟ್ಟುಕೊಂಡಿತು, ಆದರೆ ಬಾಗಿಲಲ್ಲೇ ಒಂದು ಗುರುತು ಹಾಕಿತು. ತಾನಾಗಿ ಸೇರಿದರೆ 'ಜಾಯಿನ್ ಆದೆ'. ಎರಡು ವಸ್ತು ಕೂಡಿಸಿದರೆ 'ಜಾಯಿನ್ ಮಾಡಿದೆ'. ಇನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡಿ ನೋಡಿ. 'ಇಲ್ಲಿ ವೈರ್ ಸಾಲಲ್ಲ ಸಾರ್, ಒಂದು ಜಾಯಿಂಟ್ ಹಾಕ್ಬೇಕು' ಅಂತಾರೆ. ಆಗು, ಮಾಡು, ಹಾಕು ಈ ಮೂರು ಪುಟ್ಟ ಕ್ರಿಯಾಪದಗಳು ಇಂಗ್ಲಿಷ್‌ನಲ್ಲಿ ಗೋಜಲಾಗಿದ್ದನ್ನು ಬಿಡಿಸಿಟ್ಟಿವೆ. ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಡದೆ ಜನರೇ ಮಾಡಿಕೊಂಡ ವ್ಯವಸ್ಥೆ ಇದು.

ಬರೆಯುವಾಗ ಮಾತ್ರ 'ಕೆಲಸಕ್ಕೆ ಸೇರಿದೆ' ಅಂತ ಬರೆದರೆ ನನಗೆ ಹೆಚ್ಚು ಇಷ್ಟ. ಅಷ್ಟೇ ಚಿಕ್ಕದು, ಅಷ್ಟೇ ಸ್ಪಷ್ಟ.

ಜಾ-ಯಿ-ನ್ ಅಂತ ಬಿಡಿಸಿ ಹೇಳಬೇಕಾ?

ಬೇಡ. ಇಂಗ್ಲಿಷ್‌ನಲ್ಲಿ ಅದು ಒಂದೇ ಬೀಸಿನಲ್ಲಿ ಬರುವ ಪದ. ಬಾಯಿ ದುಂಡಗೆ ಮಾಡಿ 'ಜೊ' ಅಂತ ಶುರು ಮಾಡಿ, ತಕ್ಷಣ 'ಯ್ನ್'ಗೆ ಜಾರಿ. 'ಜೈನ್' ಆಗದ ಹಾಗೆ ನೋಡಿಕೊಳ್ಳಿ, ಸಾಕು.

## ದಿನನಿತ್ಯದ ಮಾತಿನಲ್ಲಿ

ಆಫೀಸ್ ಕ್ಯಾಂಟೀನಲ್ಲಿ 'ವುಡ್ ಯು ಲೈಕ್ ಟು ಜಾಯಿನ್ ಅಸ್?' ಅಂದ್ರು. ನಾನು ಯಾವುದಕ್ಕೆ ಸೇರಬೇಕಿತ್ತು?

ಊಟಕ್ಕೆ. 'ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ' ಅಂತ ಅವರು ಕರೆದದ್ದು. ಇದನ್ನು ಕೇಳಿದ ಹುಡುಗಿ ಕೆಲಸಕ್ಕೆ ಹೊಸಬಳು. ಯಾವುದೋ ಸಂಘಕ್ಕೆ ಸದಸ್ಯೆ ಆಗು ಅಂತಿದ್ದಾರೆ ಅಂದುಕೊಂಡು 'ಆಮೇಲೆ ಹೇಳ್ತೀನಿ' ಅಂದು ಒಬ್ಬಳೇ ಬೇರೆ ಮೇಜಿನಲ್ಲಿ ಕೂತು ಊಟ ಮಾಡಿದಳಂತೆ. ಕೇಳಿ ನನಗೆ ಬೇಜಾರಾಯಿತು.

ಇಂಗ್ಲಿಷ್‌ನಲ್ಲಿ ವ್ಯಕ್ತಿಯನ್ನೇ ಜಾಯಿನ್ ಆಗಬಹುದು. 'ಜಾಯಿನ್ ಮಿ', 'ಜಾಯಿನ್ ಅಸ್' ಅಂದರೆ ಅವರು ಇರುವ ಜಾಗಕ್ಕೆ ಬಂದು ಜೊತೆಯಾಗು ಅಂತ. ನೀವೇ ಕೇಳುವುದಾದರೆ 'ಮೇ ಐ ಜಾಯಿನ್ ಯು?' ಅನ್ನಿ. ಬೇರೆಯವರು ಹಾಗೆ ಕೇಳಿದರೆ 'ಪ್ಲೀಸ್ ಡೂ' ಅಂದರೆ ಸಾಕು. ನಮ್ಮಲ್ಲಿ ಊಟಕ್ಕೆ ಕೂತವರು ಯಾರನ್ನು ಕಂಡರೂ 'ಬನ್ನಿ, ಊಟ ಮಾಡೋಣ' ಅಂತೀವಲ್ಲ, ಅದೇ ಇದು. 'ಐ ವಿಲ್ ಜಾಯಿನ್ ಯು ಲೇಟರ್' ಅಂದರೆ 'ನೀವು ನಡೀರಿ, ನಾನು ಹಿಂದಿನಿಂದ ಬರ್ತೀನಿ'.

ಕನೆಕ್ಟ್, ಅಟ್ಯಾಚ್, ಲಿಂಕ್, ಜಾಯಿನ್ ಎಲ್ಲಾ ಒಂದೇ ಅಲ್ವಾ?

ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ. ಬಟ್ಟೆ ಹೊಲಿಯುವವರನ್ನು ನೆನೆಸಿಕೊಳ್ಳಿ. ಎರಡು ತುಂಡು ಬಟ್ಟೆ ಅಂಚಿಗೆ ಅಂಚು ಇಟ್ಟು ಹೊಲಿದರೆ ಅದು ಜಾಯಿನ್. ತುಂಡುಗಳು ಒಂದನ್ನೊಂದು ಮುಟ್ಟಿವೆ, ಎರಡೂ ಸೇರಿ ಒಂದು ಬಟ್ಟೆ ಆಯಿತು. ಶರ್ಟಿಗೆ ಗುಂಡಿ ಹಚ್ಚಿದರೆ ಅಟ್ಯಾಚ್. ಚಿಕ್ಕದು ದೊಡ್ಡದಕ್ಕೆ ಅಂಟಿಕೊಂಡಿತು, ಬೇಕಾದರೆ ತೆಗೆಯಬಹುದು, ಶರ್ಟು ಶರ್ಟಾಗಿಯೇ ಇರುತ್ತದೆ. ಈಮೇಲ್‌ಗೆ ಫೈಲ್ ಹಚ್ಚುವುದನ್ನು ಅಟ್ಯಾಚ್ ಅನ್ನುವುದು ಅದಕ್ಕೇ. ಹೊಲಿಗೆ ಮಷೀನನ್ನು ವೈರಿನಿಂದ ಕರೆಂಟಿಗೆ ಕೊಟ್ಟರೆ ಕನೆಕ್ಟ್. ನಡುವೆ ದೂರ ಇದೆ, ಆ ದೂರದಲ್ಲಿ ಏನೋ ಹರಿಯುತ್ತಿದೆ. ಲಿಂಕ್ ಅನ್ನುವುದು ಸರಪಳಿಯ ಕೊಂಡಿ: ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಇದೆ, ಆದರೆ ಎರಡೂ ಬೇರೆ ಬೇರೆಯೇ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಮಾಡುತ್ತೀರಿ, ಜಾಯಿನ್ ಮಾಡುವುದಿಲ್ಲ.

'ಜಾಯಿನ್ ಹ್ಯಾಂಡ್ಸ್' ಅಂದ್ರೆ ಕೈ ಮುಗಿಯೋದಾ?

ಸಾಮಾನ್ಯವಾಗಿ ಅಲ್ಲ. ಇಂಗ್ಲಿಷ್‌ನಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿಯುವುದು, ಅಲ್ಲಿಂದ ಮುಂದೆ ಸಹಕರಿಸುವುದು. ಕನ್ನಡದ 'ಕೈ ಜೋಡಿಸು' ಎರಡೂ ಕಡೆ ಓಡಾಡುತ್ತದೆ. ದೇವರ ಮುಂದೆ ಕೈ ಜೋಡಿಸಿ ನಿಲ್ಲುತ್ತೇವೆ, ಕೆರೆ ಹೂಳೆತ್ತುವ ಕೆಲಸಕ್ಕೂ ಕೈ ಜೋಡಿಸುತ್ತೇವೆ. ಒಂದರಲ್ಲಿ ಎರಡು ಕೈಯೂ ನನ್ನವೇ, ಇನ್ನೊಂದರಲ್ಲಿ ನನ್ನ ಕೈ ನಿಮ್ಮ ಕೈ. ಅನುವಾದ ಮಾಡುವಾಗ ನಮಸ್ಕಾರಕ್ಕೆ 'ಕೈ ಮುಗಿ' ಅಂತಲೇ ಬಳಸಿದರೆ ಯಾರಿಗೂ ಗಲಿಬಿಲಿ ಆಗುವುದಿಲ್ಲ.

ನನಗೆ ರಾತ್ರಿ ನಿದ್ದೇನೇ ಬರಲ್ಲ ಅಂದಿದ್ದಕ್ಕೆ ಒಬ್ರು 'ಜಾಯಿನ್ ದ ಕ್ಲಬ್' ಅಂದ್ರು. ಯಾವ ಕ್ಲಬ್?

ಯಾವ ಕ್ಲಬ್ಬೂ ಇಲ್ಲ. 'ನನ್ನದೂ ಅದೇ ಕಥೆ' ಅಂತ ಅರ್ಥ. 'ಜಾಯಿನ್ ದ ಕ್ಯೂ' ಅನ್ನುವುದನ್ನೂ ಹೀಗೆ ಬಳಸುತ್ತಾರೆ. ಆದರೆ ಅಂಗಡಿ ಮುಂದೆ ಅಂದರೆ ಅದು ನಿಜವಾದ ಸಾಲು, ಹೋಗಿ ಕೊನೆಯಲ್ಲಿ ನಿಲ್ಲಿ.

ಸೇರು ಅನ್ನೋ ಕಡೆಯೆಲ್ಲಾ ಜಾಯಿನ್ ಹಾಕಬಹುದಾ?

ಹಾಕಲೇಬೇಡಿ. ಇಂಗ್ಲಿಷ್ ಪದದ ಅರ್ಥ ಜಾಸ್ತಿ ಅಂತ ಹೇಳುತ್ತಾ ನಮ್ಮ ಪದದ ಅರ್ಥ ಎಷ್ಟು ಅನ್ನುವುದನ್ನು ನಾವು ಮರೆಯುತ್ತೇವೆ. 'ಮನೆ ಸೇರಿದ್ರಾ?' ಅಂದರೆ ತಲುಪಿದಿರಾ ಅಂತ. 'ಈ ಜಮೀನು ನಮ್ಮ ತಾತನಿಗೆ ಸೇರಿದ್ದು' ಅಂದರೆ ಒಡೆತನ. 'ನನಗೆ ಬದನೆಕಾಯಿ ಸೇರಲ್ಲ' ಅಂದರೆ ಇಷ್ಟ ಇಲ್ಲ. 'ಜ್ವರ ಬಂದಾಗಿಂದ ಊಟ ಸೇರ್ತಾ ಇಲ್ಲ' ಅಂದರೆ ಬಾಯಿಗೆ ರುಚಿ ಇಲ್ಲ. 'ಅವರಿಬ್ಬರಿಗೂ ಸೇರಲ್ಲ' ಅಂದರೆ ಹೊಂದಾಣಿಕೆ ಇಲ್ಲ. ಇವುಗಳಲ್ಲಿ ಒಂದಕ್ಕೂ ಜಾಯಿನ್ ಹೊಂದುವುದಿಲ್ಲ.

ಕೂಡು ಕೂಡ ಹೀಗೇ. ಕೂಡುವ ಲೆಕ್ಕ, ದುಡ್ಡು ಕೂಡಿಡುವುದು, ಕೋಣೆಯಲ್ಲಿ ಕೂಡಿ ಹಾಕುವುದು, 'ಹಾಗೆ ಮಾಡಕೂಡದು'. ಈ ಉತ್ತರದ ಎರಡನೇ ಭಾಗ ಶುರುವಾದದ್ದೇ 'ಕೂಡು ಕೂಡ' ಅಂತ, ಗಮನಿಸಿದಿರಾ? ಇನ್ನೊಂದನ್ನು ಜೊತೆಗೆ ಇಡುವ ಮಾತು ಅದು.

## ಆಫೀಸು, ಬ್ಯಾಂಕು, ಕಾಗದಪತ್ರ

ಜಾಯಿನಿಂಗ್ ರಿಪೋರ್ಟ್ ಕನ್ನಡದಲ್ಲಿ ಬರೀಬೇಕು. 'ಸೇರ್ಪಡೆ ವರದಿ' ಅಂತ ಬರೆದ್ರೆ ನಡೆಯುತ್ತಾ?

ಅರ್ಥ ಆಗುತ್ತದೆ. ಆದರೆ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ಮಾತು 'ಕರ್ತವ್ಯಕ್ಕೆ ಹಾಜರಾಗುವುದು'. '... ದಿನಾಂಕದ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿರುತ್ತೇನೆ' ಅಂತ ಬರೆಯಿರಿ. ಪೂರ್ವಾಹ್ನವೋ ಅಪರಾಹ್ನವೋ ಅನ್ನುವುದನ್ನು ಬಿಡಬೇಡಿ. ಸಂಬಳ ಯಾವ ದಿನದಿಂದ ಅನ್ನುವ ಲೆಕ್ಕಕ್ಕೆ ಅದು ಬೇಕು. ಮೇಲಿನ ಹುದ್ದೆಯವರಾದರೆ 'ಅಧಿಕಾರ ವಹಿಸಿಕೊಂಡರು' ಅಂತೀವಿ.

ರಜೆ ಮುಗಿಸಿ ಮತ್ತೆ ಬಂದರೆ ಇಂಗ್ಲಿಷ್‌ನಲ್ಲಿ 'ರಿಜಾಯಿನ್'. 'ಜಾಯಿನ್ ಡ್ಯೂಟಿ' ಅನ್ನುವುದು ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು. ಹೊರದೇಶದವರಿಗೆ ಬರೆಯುವಾಗ 'ಸ್ಟಾರ್ಟ್ ವರ್ಕ್' ಅಂದರೆ ಹೆಚ್ಚು ಸಹಜ.

ಜಂಟಿ ಖಾತೆ ಅಂತಾರಲ್ಲ, ಈ ಜಂಟಿ 'ಜಾಯಿಂಟ್'ನಿಂದ ಬಂದಿದ್ದಾ?

ಕಿವಿಗೆ ಹಾಗೆ ಕೇಳಿಸುತ್ತದೆ, ಆದರೆ ಜಂಟಿ ನಮ್ಮ ಕಡೆಯ ಪದವೇ. ಸಂಗೀತ ಕಲಿತವರಿಗೆ ತಕ್ಷಣ ನೆನಪಾಗುತ್ತದೆ: ಸರಳೆ ವರಸೆ ಆದ ಮೇಲೆ ಜಂಟಿ ವರಸೆ. ಸಸ ರಿರಿ ಗಗ ಮಮ ಅಂತ ಒಂದೊಂದು ಸ್ವರವೂ ಜೋಡಿಯಾಗಿ ಬರುತ್ತದೆ. ತೆಲುಗಿನಲ್ಲೂ ಜಂಟ ಅಂದರೆ ಜೋಡಿ. ಅರ್ಥವೂ ದನಿಯೂ ಎರಡೂ ಹೊಂದಿದ್ದರಿಂದ 'ಜಾಯಿಂಟ್'ಗೆ ಅನುವಾದವಾಗಿ ಅದು ಚೆನ್ನಾಗಿ ಕೂತುಕೊಂಡಿತು.

ಖಾತೆಯ ವಿಷಯ ಬಂದದ್ದಕ್ಕೆ ಒಂದು ಮಾತು. ಫಾರಂನಲ್ಲಿ ಖಾತೆ ಹೇಗೆ ನಡೆಸುತ್ತೀರಿ ಅಂತ ಕೇಳುವ ಜಾಗ ಓದದೆ ಸಹಿ ಹಾಕಬೇಡಿ. 'ಐದರ್ ಆರ್ ಸರ್ವೈವರ್' ಅಂತಿದ್ದರೆ ಇಬ್ಬರಲ್ಲಿ ಯಾರಾದರೂ ದುಡ್ಡು ತೆಗೆಯಬಹುದು. ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಸಿಗುತ್ತದೆ. 'ಜಾಯಿಂಟ್‌ಲಿ' ಅಂತಿದ್ದರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು. 'ಫಾರ್ಮರ್ ಆರ್ ಸರ್ವೈವರ್' ಅಂದರೆ ಮೊದಲ ಹೆಸರಿನವರು ಇರುವ ತನಕ ಅವರೊಬ್ಬರೇ ನಡೆಸಬಹುದು. ನನಗೆ ಗೊತ್ತಿರುವ ಒಬ್ಬ ಅಜ್ಜಿ, ಅಜ್ಜ ಆಸ್ಪತ್ರೆಯಲ್ಲಿದ್ದಾಗ ಪಾಸ್‌ಬುಕ್ ಹಿಡಿದುಕೊಂಡು ಹೋಗಿ ಬರಿಗೈಯಲ್ಲಿ ವಾಪಸ್ ಬಂದರು. ಪಾಸ್‌ಬುಕ್ಕಿನ ಮೇಲೆ ಇಬ್ಬರ ಹೆಸರೂ ಇತ್ತು. ಆದರೆ ಆ ಒಂದು ಪದ 'ಜಾಯಿಂಟ್‌ಲಿ' ಆಗಿತ್ತು.

ಸೈಟಿನ ಪತ್ರದಲ್ಲಿ 'ಅಡ್ಜಾಯಿನಿಂಗ್' ಅಂತ ಇದೆ. ಎರಡು ಸೈಟೂ ಸೇರಿಸಿ ಕೊಟ್ಟಿದ್ದಾರೆ ಅಂತಾನಾ?

ಅಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಅಡ್ಜಾಯಿನಿಂಗ್ ಅಂದರೆ ಅಂಚು ತಾಗಿಕೊಂಡಿರುವ, ಪಕ್ಕದ. ನಮ್ಮ ಕ್ರಯಪತ್ರಗಳಲ್ಲಿ ಚೆಕ್ಕುಬಂದಿ ಅಂತ ಬರೆಯುವ ಕಡೆ ಈ ಪದ ಬರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು, ಉತ್ತರಕ್ಕೆ ಇದು, ದಕ್ಷಿಣಕ್ಕೆ ಅದು. ನಿಮ್ಮ ಜಾಗದ ಸುತ್ತ ಏನಿದೆ ಅಂತ ಗುರುತು ಹೇಳುವುದಷ್ಟೇ ಅದರ ಕೆಲಸ. ನಿಮಗೆ ಸಿಕ್ಕಿದ್ದು ಚೆಕ್ಕುಬಂದಿಯ ಒಳಗಿರುವುದು.

ಕೋರ್ಟ್ ಕಾಗದದಲ್ಲಿ ರಿಜಾಯಿಂಡರ್, ಮಿಸ್‌ಜಾಯಿಂಡರ್, ಎಂಜಾಯಿನ್ ಅಂತೆಲ್ಲಾ ಇದೆ. ಇವೂ ಅದೇ ಕುಟುಂಬದವಾ?

ಹೌದು, ಎಲ್ಲಾ ಒಂದೇ ಮನೆಯವು. ರಿಜಾಯಿಂಡರ್ ಅಂದರೆ ಎದುರಾಳಿಯ ಉತ್ತರಕ್ಕೆ ಮತ್ತೆ ಕೊಡುವ ಉತ್ತರ. ಮಿಸ್‌ಜಾಯಿಂಡರ್ ಅಂದರೆ ದಾವೆಗೆ ಸಂಬಂಧ ಇಲ್ಲದವರನ್ನು ಸೇರಿಸಿರುವುದು. ನಾನ್‌ಜಾಯಿಂಡರ್ ಅಂದರೆ ಸೇರಿಸಬೇಕಾದವರನ್ನು ಬಿಟ್ಟಿರುವುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 9ನೇ ನಿಯಮದ ಪ್ರಕಾರ ಇಂಥ ಲೋಪ ಒಂದೇ ಕಾರಣಕ್ಕೆ ದಾವೆ ಬಿದ್ದುಹೋಗುವುದಿಲ್ಲ. ಆದರೆ ಅವರಿಲ್ಲದೆ ತೀರ್ಪೇ ಕೊಡಲಾಗದು ಅನ್ನುವಂಥ ಕಕ್ಷಿದಾರರನ್ನು ಬಿಟ್ಟಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಅಣ್ಣ ತಮ್ಮಂದಿರ ಪಾಲಿನ ದಾವೆಯಲ್ಲಿ ಮದುವೆಯಾಗಿ ಹೋದ ಅಕ್ಕ ತಂಗಿಯರ ಹೆಸರು ಬಿಟ್ಟಾಗ ಈ ಪದ ಬರುವುದನ್ನು ನೋಡಿದ್ದೇನೆ. ನಿಮ್ಮ ಪ್ರಕರಣಕ್ಕೆ ಹೇಗೆ ಅನ್ವಯ ಅಂತ ವಕೀಲರನ್ನೇ ಕೇಳಿ.

ಎಂಜಾಯಿನ್ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಸಾಮಾನ್ಯ ಇಂಗ್ಲಿಷ್‌ನಲ್ಲಿ 'ಹೀಗೆ ಮಾಡು' ಅಂತ ಒತ್ತಿ ಹೇಳುವುದು. ಕೋರ್ಟಿನ ಮಾತಿನಲ್ಲಿ ಅದರ ತಿರುಗುಮುರುಗು, 'ಮಾಡಬೇಡ' ಅಂತ ತಡೆಯುವುದೂ ಆಗುತ್ತದೆ. ಇಂಜಂಕ್ಷನ್, ಅಂದರೆ ಕೋರ್ಟಿನ ತಡೆಯಾಜ್ಞೆ, ಇದೇ ಬೇರಿನದು.

## ಇನ್ನೂ ಆಳಕ್ಕೆ

ಹೊರದೇಶದಲ್ಲಿ ಬಡಗಿಗೆ 'ಜಾಯಿನರ್' ಅಂತಾರಂತೆ, ಹೌದಾ?

ಬ್ರಿಟನ್ನಿನಲ್ಲಿ ಹೌದು. ಅಲ್ಲಿ ಕಾರ್ಪೆಂಟರ್ ಬೇರೆ, ಜಾಯಿನರ್ ಬೇರೆ. ಮನೆಯ ತೊಲೆ, ಚಾವಣಿ ನಿಲ್ಲಿಸುವುದು ಕಾರ್ಪೆಂಟರ್ ಕೆಲಸ. ಬಾಗಿಲು, ಕಿಟಕಿ, ಮೆಟ್ಟಿಲು, ಕಪಾಟಿನಂಥ ನಯವಾದ ಜೋಡಣೆ ಜಾಯಿನರ್ ಕೆಲಸ. ಲಂಡನ್ನಿನ ಜಾಯಿನರ್‌ಗಳ ಸಂಘಕ್ಕೆ 1571ರಲ್ಲಿ ರಾಜಸನದು ಸಿಕ್ಕಿತು.

ಒಂದು ಮರವನ್ನು ಇನ್ನೊಂದಕ್ಕೆ ಜಾಯಿನ್ ಮಾಡುವುದು ಏನು ಅಂತ ನಾನು ಕಂಡದ್ದು ಚಿಕ್ಕವನಿದ್ದಾಗ, ನಮ್ಮ ಮನೆ ಬಾಗಿಲ ಚೌಕಟ್ಟು ಮಾಡುವಾಗ. ಆಚಾರ್ರು ನಿಲುವಿನ ಮರದಲ್ಲಿ ಉಳಿ ಇಟ್ಟು ಕೊಡತಿಯಿಂದ ಹೊಡೆದು ಚೌಕದ ತೂತು ತೆಗೆದರು. ಅಡ್ಡ ಮರದ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿದರು. ನಾಲಿಗೆ ತೂತಿನೊಳಗೆ ಹೋಗಲಿಲ್ಲ. ಹೊರಗೆ ತೆಗೆದು ಒಂದು ಎಳೆ ಹೆರೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ನಾಲ್ಕನೇ ಸಲಕ್ಕೆ ಅದು ಗಾಳಿ ಹೊರಗೆ ತಳ್ಳಿದ ಹಾಗೆ ಸಣ್ಣ ಸದ್ದು ಮಾಡಿ ಒಳಗೆ ಕೂತಿತು. ಅಡ್ಡಲಾಗಿ ಒಂದು ಬಿದಿರಿನ ಮೊಳೆ ಹೊಡೆದರು. 'ಕಬ್ಬಿಣದ ಮೊಳೆ ಯಾಕೆ ಬೇಡ ಆಚಾರ್ರೇ?' ಅಂತ ಕೇಳಿದೆ. 'ಕಬ್ಬಿಣ ತುಕ್ಕು ಹಿಡಿದು ಮರ ತಿಂತದೆ ಕಂದಾ. ಬಿದಿರು ಮರದ ಜೊತೇನೇ ಹಿಗ್ತದೆ, ಜೊತೇನೇ ಕುಗ್ತದೆ' ಅಂದರು. ಜಾಯಿನ್ ಅನ್ನುವ ಪದ ಓದಿದಾಗಲೆಲ್ಲಾ ನನಗೆ ಆ ಸದ್ದು ಕೇಳಿಸುತ್ತದೆ.

ಯೋಗಕ್ಕೂ ಜಾಯಿನ್‌ಗೂ ಸಂಬಂಧ ಇದೆ ಅಂತಾರೆ. ನಂಬಬಹುದಾ?

ನಂಬಬಹುದು. ಹೊಂದಿಸಿ ಹೇಳುವ ಪದಮೂಲಗಳು ಎಷ್ಟೋ ಸುಳ್ಳಿರುತ್ತವೆ, ಇದು ಗಟ್ಟಿ. ಸಂಸ್ಕೃತದ 'ಯುಜ್' ಧಾತುವಿನಿಂದ ಯೋಗ, ಯುಕ್ತ, ಸಂಯೋಗ ಬಂದವು. ಲ್ಯಾಟಿನ್‌ನಲ್ಲಿ ಅದರ ನೆಂಟ 'ಯುಂಗೆರೆ', ಅಂದರೆ ಜೋಡಿಸು. ಅದು ಫ್ರೆಂಚರ ಬಾಯಲ್ಲಿ 'ಜ್ವಾಂದ್ರ್' ಆಗಿ, ಇಂಗ್ಲಿಷ್‌ಗೆ ಬಂದು ಜಾಯಿನ್ ಆಯಿತು. ಜಂಕ್ಷನ್ ಕೂಡ ಅಲ್ಲಿಂದಲೇ. ಹಾಗಾಗಿ ಶಿವಮೊಗ್ಗದ ಹಳಿ ಬಂದು ಕೂಡುವ ಬೀರೂರು ಜಂಕ್ಷನ್ನೂ ಬೆಳಗಿನ ಯೋಗಾಸನವೂ ದೂರದ ಬಂಧುಗಳು.

ಈ ಬೇರಿನ ತಳದಲ್ಲಿರುವ ಚಿತ್ರ ಎರಡು ಎತ್ತುಗಳದ್ದು. ಸಂಸ್ಕೃತದಲ್ಲಿ 'ಯುಗ' ಅಂದರೆ ನೊಗ ಅಂತಲೂ ಅರ್ಥ. ಇಂಗ್ಲಿಷ್‌ನ 'ಯೋಕ್' ಅದರ ನೆಂಟ, ಲ್ಯಾಟಿನ್‌ನ 'ಯುಗುಂ' ಕೂಡ. ಎರಡು ಎತ್ತು ಒಂದು ನೊಗದ ಕೆಳಗೆ ಬಂದರೆ ಹೊಲ ಉಳುತ್ತದೆ. ಅದೇ ಬೇರಿನ ಇನ್ನೊಂದು ಪದ 'ಸಬ್ಜುಗೇಟ್', ನೊಗದ ಅಡಿಗೆ ತರು, ಅಂದರೆ ಸೋಲಿಸಿ ಅಡಿಯಾಳು ಮಾಡು. ಸೋತ ಸೈನಿಕರನ್ನು ಈಟಿಗಳ ನೊಗದ ಕೆಳಗೆ ತಲೆ ಬಗ್ಗಿಸಿ ನಡೆಸುವ ಪದ್ಧತಿ ಪ್ರಾಚೀನ ಇಟಲಿಯಲ್ಲಿತ್ತು. ಕೂಡುವುದು ಒಳ್ಳೆಯದೇ ಆಗಬೇಕಿಲ್ಲ ಅನ್ನುವುದನ್ನೂ ಈ ಬೇರು ನೆನಪಿಟ್ಟುಕೊಂಡಿದೆ.

ಕಂಪ್ಯೂಟರ್ ಕ್ಲಾಸಲ್ಲಿ ಲೆಫ್ಟ್ ಜಾಯಿನ್, ಇನ್ನರ್ ಜಾಯಿನ್ ಅಂತಾರೆ. ತಲೆಗೆ ಹತ್ತುತ್ತಾ ಇಲ್ಲ.

ಇದು ನನ್ನ ವಿಷಯ ಅಲ್ಲದಿದ್ದರೂ ತುಂಬಾ ಜನ ಕೇಳಿದ್ದರಿಂದ ಕಲಿತುಕೊಂಡೆ. ಮಾಹಿತಿಯನ್ನು ಪಟ್ಟಿಗಳಾಗಿ ಇಟ್ಟು, ಬೇಕಾದಾಗ ಪಟ್ಟಿಗೆ ಪಟ್ಟಿ ಜೋಡಿಸುವ ವಿಧಾನವನ್ನು 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಮುಂದಿಟ್ಟರು. ಜಾಯಿನ್ ಅನ್ನುವ ಹೆಸರು ಅಲ್ಲೇ ಇದೆ.

ಒಂದು ಶಾಲೆ ಅಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ 40 ಮಕ್ಕಳು. ಅಂಕಪಟ್ಟಿಯಲ್ಲಿ 38 ಸಾಲು. ಹಾಜರಿಯಲ್ಲಿರುವ 3 ಮಕ್ಕಳು ಪರೀಕ್ಷೆಗೆ ಬಂದಿಲ್ಲ. ಅಂಕಪಟ್ಟಿಯ ಒಂದು ಸಾಲಿನಲ್ಲಿ ರೋಲ್ ನಂಬರ್ ತಪ್ಪಾಗಿ ಬಿದ್ದಿದೆ, ಆ ನಂಬರಿನ ಮಗು ಹಾಜರಿಯಲ್ಲಿ ಇಲ್ಲ. ಎರಡೂ ಪಟ್ಟಿಯಲ್ಲಿ ಹೊಂದುವ ರೋಲ್ ನಂಬರುಗಳು 37.

ಎರಡೂ ಕಡೆ ಇರುವವರು ಮಾತ್ರ ಸಾಕು ಅಂದರೆ ಇನ್ನರ್ ಜಾಯಿನ್, 37 ಸಾಲು. ಹಾಜರಿಯಲ್ಲಿರುವ ಯಾರನ್ನೂ ಬಿಡಬಾರದು, ಅಂಕ ಇಲ್ಲದಿದ್ದರೆ ಖಾಲಿ ಇರಲಿ ಅಂದರೆ ಹಾಜರಿಯನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್, 40 ಸಾಲು. ಅಂಕಪಟ್ಟಿಯ ಯಾವ ಸಾಲೂ ಬಿಡಬಾರದು ಅಂದರೆ ರೈಟ್ ಜಾಯಿನ್, 38. ಯಾರನ್ನೂ ಯಾವ ಕಡೆಯೂ ಬಿಡಬೇಡ ಅಂದರೆ ಫುಲ್ ಔಟರ್ ಜಾಯಿನ್, 37 ಮತ್ತು 3 ಮತ್ತು 1, ಒಟ್ಟು 41. ಏನೂ ಹೊಂದಿಸದೆ ಎಲ್ಲದಕ್ಕೂ ಎಲ್ಲವನ್ನೂ ಜೋಡಿಸಿದರೆ ಕ್ರಾಸ್ ಜಾಯಿನ್, 40 ಸಲ 38, ಅಂದರೆ 1,520 ಸಾಲು.

ಮೊದಲ ಉತ್ತರದಲ್ಲಿ ಹೇಳಿದ ಮಾತು ಇಲ್ಲೂ ನಡೆಯುತ್ತದೆ. ನೀವು ಯಾವ ಪಟ್ಟಿಯ ಜೊತೆ ನಡೆದು ಬಂದಿದ್ದೀರಿ ಅನ್ನುವುದೇ ಲೆಫ್ಟ್, ರೈಟ್. ಸಂಗಮದಲ್ಲಿ ನಿಂತರೆ ಇನ್ನರ್. ಪರೀಕ್ಷೆಗೆ ಬಾರದ ಆ 3 ಮಕ್ಕಳ ಮನೆಗೆ ಹೋಗಿ ವಿಚಾರಿಸಬೇಕು ಅನ್ನುವ ಮೇಷ್ಟ್ರಿಗೆ ಬೇಕಾದ್ದು ಲೆಫ್ಟ್ ಜಾಯಿನ್.

ಕನ್ನಡ ಟೈಪ್ ಮಾಡುವಾಗ 'ಝೀರೋ ವಿಡ್ತ್ ಜಾಯಿನರ್' ಅಂತ ಬರುತ್ತೆ. ಅದು ಏನನ್ನು ಜಾಯಿನ್ ಮಾಡುತ್ತೆ? ಕಣ್ಣಿಗೆ ಏನೂ ಕಾಣಲ್ವಲ್ಲ?

ಕಣ್ಣಿಗೆ ಕಾಣದಿರುವುದೇ ಅದರ ಕೆಲಸ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ವ್ಯವಸ್ಥೆಯಲ್ಲಿ ಇವು ಎರಡಿವೆ, ಒಂದು ಜಾಯಿನರ್, ಒಂದು ನಾನ್‌ಜಾಯಿನರ್. ಎರಡಕ್ಕೂ ಅಗಲ ಸೊನ್ನೆ. ಅಕ್ಷರಗಳು ಹೇಗೆ ಕೂಡಬೇಕು, ಎಲ್ಲಿ ಕೂಡಬಾರದು ಅಂತ ಕಂಪ್ಯೂಟರಿಗೆ ಪಿಸುಮಾತಿನಲ್ಲಿ ಹೇಳುತ್ತವೆ.

'ರ್ಯಾಂಕ್' ಅಂತ ಸುಮ್ನೆ ಟೈಪ್ ಮಾಡಿದರೆ ರಕಾರ ಅರ್ಕಾವತ್ತಾಗಿ ಯಕಾರದ ಮುಂದೆ ಹೋಗಿ ಕೂರುತ್ತದೆ. 'ಸೂರ್ಯ' ಬರೆಯಲು ಅದು ಸರಿ. ಪದದ ಶುರುವಿನಲ್ಲಿ ಬಂದರೆ ಓದಲು ಕಷ್ಟ. ರಕಾರದ ನಂತರ ಜಾಯಿನರ್ ಇಟ್ಟರೆ 'ರ‍್ಯಾಂಕ್' ಅಂತ ರಕಾರ ತನ್ನ ಪೂರ್ತಿ ರೂಪದಲ್ಲಿ ನಿಂತು, ಯಕಾರ ಅದರ ಒತ್ತಾಗುತ್ತದೆ.

ನಾನ್‌ಜಾಯಿನರ್ ಇನ್ನೂ ಹೆಚ್ಚು ಬೇಕಾಗುತ್ತದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರತ್ಯಯ ಹಚ್ಚುವಾಗಲೆಲ್ಲಾ ಅದು ಬರಬೇಕು. ಈ ಪುಟದ ತುಂಬಾ ನಾನು ಅದನ್ನು ಒತ್ತುತ್ತಲೇ ಬಂದಿದ್ದೇನೆ. ಅದನ್ನು ಹಾಕದಿದ್ದರೆ ಈ ಪದ 'ಜಾಯಿನ್ಗೆ' ಅಂತ ಗಕಾರ ನಕಾರದ ಕೆಳಗೆ ಒತ್ತಾಗಿ ಇಳಿದುಬಿಡುತ್ತದೆ. ನಡುವೆ ಆ ಕಾಣದ ಗುರುತು ಇಟ್ಟರೆ 'ಜಾಯಿನ್‌ಗೆ' ಅಂತ ಎರಡೂ ಅಕ್ಷರ ಪಕ್ಕ ಪಕ್ಕ ನಿಲ್ಲುತ್ತವೆ.